ನಿಮ್ಮನೆ ಮಗಳು ಶೋಭಾ ಬಂದೀನಿ

ಆದೋನಿ
ಸೋಮವಾರ, ೪ ಆಗಸ್ಟ್ ೨೦೨೫

ಅವ್ವನಿಗೆ ಶೋಭಾಳ ಶರಣು.

ನೀನು ನನ್ನ ಮೇಲೆ ಸಿಟ್ಟಾಗಿದ್ದೀ ಎಂದು ತಮ್ಮ ಸೋಮೇಶ್ ನಮ್ಮ ಯಜಮಾನರ ಫೋನಿಗೆ ಮಾಡಿ ಹೇಳಿದ. ಅಕ್ಕ ಅನ್ನುವ ಸಲಿಗೆಯಲ್ಲಿ ತಾನೂ ನಾಲ್ಕು ಮಾತು ಬೈದ. ಬೈಯಬೇಕಾದದ್ದೇ. ಅಪ್ಪ ಹೋಗಿ ಇನ್ನೂ ಎರಡು ತಿಂಗಳು ತುಂಬಿಲ್ಲ. ಮೊದಲ ಹಬ್ಬ ಪಂಚಮಿ, ನಾನು ಬರಲಿಲ್ಲ. ನಾನು ಬರುವ ಬದಲು ನನ್ನ ದನಿ ಅಂಗಡಿಯ ಪ್ರಚಾರದ ಆಟೊ ಹತ್ತಿ ಚಿಪ್ಪಗಿರಿಗೆ ಬಂತಂತೆ. ಅದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ನೀನು ಅವತ್ತು ನನಗೆ ಫೋನು ಮಾಡಿದ್ದೂ ಗೊತ್ತಾಯಿತು. ಎತ್ತಿದವಳು ನಮ್ಮ ಸೀರೆ ಅಂಗಡಿಯ ಸೇಲ್ಸ್ ಹುಡುಗಿ ಭವಾನಿ. "ನಮಸ್ಕಾರ್ರೀ, ಪಂಚಮಿ ಆಫರ್ ಮೂವತ್ತು ಪರ್ಸೆಂಟ್, ಯಾವ ಸೀರಿ ಬೇಕ್ರೀ?" ಎಂದಳಂತೆ. ಅವಳ ತಪ್ಪಲ್ಲ. ಆಷಾಢದ ಸೇಲಿಗೆ ಫ್ಲೆಕ್ಸ್ ಮಾಡಿಸುವಾಗ ಇವರ ಅಣ್ಣ, ಅಂಗಡಿ ನಡೆಸುವ ಬಾವನವರು, ನನ್ನ ನಂಬರು ಹಾಕಿಸಿದರು. "ಹೆಣ್ಮಕ್ಳ ನಂಬರ್ ಇದ್ರ ಹೆಣ್ಮಕ್ಳು ಧೈರ್ಯವಾಗಿ ಫೋನ್ ಮಾಡ್ತಾರಮ್ಮ, ಒಂದು ತಿಂಗಳ ಮಟ್ಟಿಗೆ" ಎಂದರು. ಆಷಾಢ ಹೋಗಿ ಶ್ರಾವಣ ಬಂತು, ಫೋನು ಗಲ್ಲಾದ ಪಕ್ಕದಲ್ಲೇ ಉಳಿಯಿತು. ಅದಕ್ಕೇ ಈ ಕಾಗದ. ಈ ಮನೆಯಲ್ಲಿ ಎಲ್ಲರಿಗೂ ಕನ್ನಡ ಮಾತಾಡಲು ಬರುತ್ತದೆ, ಓದುವುದು ಮಾತ್ರ ತೆಲುಗು. ನೀನು ಬಳ್ಳಾರಿ ಕಡೆಯ ನಿನ್ನ ತವರಿನಿಂದ ತಂದು ನನಗೆ ತಿದ್ದಿಸಿದ ಅಕ್ಷರ ಇವತ್ತು ಉಪಯೋಗಕ್ಕೆ ಬಂತು. ನೀನೂ ಬರೆ. ಯಾರು ಒಡೆದರೂ ಓದಲಾರರು.

ಆ ದನಿಯ ವಿಷಯ ಹೇಳುತ್ತೇನೆ ಕೇಳು. ಅದನ್ನು ರೆಕಾರ್ಡ್ ಮಾಡಿದ್ದು ಮೇ ತಿಂಗಳಲ್ಲಿ, ಅಪ್ಪ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದಾಗ. ನಮ್ಮಲ್ಲಿ ಶ್ರಾವಣದ ಹಬ್ಬವನ್ನು ಮೇ ತಿಂಗಳಲ್ಲೇ ಮಾಡಿಬಿಡುತ್ತಾರೆ. ಪ್ಲಾಸ್ಟಿಕ್ ಚೆಂಡುಹೂವು ಕಟ್ಟಿ, ನನಗೆ ರೇಷ್ಮೆ ಸೀರೆ ಉಡಿಸಿ ಫೋಟೊ ತೆಗೆಸಿದರು. ಎರಡೂ ಭಾಷೆ ಬರುತ್ತದೆ ಎಂದು ಮಾತೂ ನನ್ನಿಂದಲೇ ಆಡಿಸಿದರು. ಸ್ಟುಡಿಯೋದ ತಿರುಪತಿ, "ಅಕ್ಕಾ, ಮನಿ ಮಾತು ಒಂದು ಹೇಳ್ರಿ, ಕೇಳಿದ ಕೂಡ್ಲೆ ಹೆಣ್ಮಕ್ಳು ಹೊರಗ ಓಡಿ ಬರಬೇಕು" ಎಂದ. ನನಗೆ ಥಟ್ಟನೆ ಬಾಯಿಗೆ ಬಂದದ್ದು, ಪ್ರತಿ ಸಲ ಆಟೊ ಇಳಿದು ನಮ್ಮ ಓಣಿ ತಿರುಗುವಾಗ ನಿನಗೆ ಕೂಗುವ ಮಾತು. "ಅವ್ವಾ, ಬಾಗ್ಲು ತಗಿ! ನಿಮ್ಮನೆ ಮಗಳು ಶೋಭಾ ಬಂದೀನಿ! ಹಬ್ಬ ತಂದೀನಿ!" ಬಾವನವರು ಚಪ್ಪಾಳೆ ತಟ್ಟಿದರು. ನಾನೂ ಹಿಗ್ಗಿದೆ ಅವ್ವ. ನಮ್ಮ ಮನೆಯ ಮಾತನ್ನು ನನ್ನ ಕೈಯಾರೆ ಕೊಟ್ಟುಬಂದೆ.

ಪಂಚಮಿಗೆ ಹೊರಡುತ್ತೇನೆಂದು ಅತ್ತೆಗೆ ಬಿಡಿಸಿ ಹೇಳಿದ್ದೆ. ಸಾವಾದ ಮನೆಯಲ್ಲಿ ಎಣ್ಣೆ ಬಾಣಲೆ ಕವುಚಿಡುತ್ತಾರೆ. ಕೊಟ್ಟ ಮಗಳು ಹಬ್ಬದ ದಿನವೇ ಬಂದು ಅದನ್ನು ಎತ್ತಿ ಒಲೆಯ ಮೇಲಿಟ್ಟು ಎಣ್ಣೆ ಹಾಕಬೇಕು. ಅಲ್ಲಿಯ ತನಕ ಆ ಮನೆಗೆ ಹಬ್ಬವಿಲ್ಲ, ಶುಭಕಾರ್ಯವಿಲ್ಲ ಎಂದೆ. ಅವರು "ನಮ್ಮ ಕಡೆ ಅಂಥ ಪದ್ಧತಿ ಇಲ್ಲಮ್ಮ, ಮಾರನೇ ದಿನ ಹೋಗಿ ಬಾ" ಎಂದರು. ಬಾವನವರು, "ಹಬ್ಬದ ದಿನ ಬಾಗಿಲದಾಗ ದೀಪ ಹಚ್ಚಿ ಮೊದಲ ಗಿರಾಕಿಗೆ ಕುಂಕುಮ ಕೊಡಾಕಿ ನೀನು. ಫ್ಲೆಕ್ಸ್‌ನಾಗ ನಿನ್ನ ನೋಡಿ ಬರ್ತಾರ, ನೀನೇ ಇಲ್ಲಂದ್ರ ಹ್ಯಾಂಗ?" ಎಂದರು. ಚಿಪ್ಪಗಿರಿಗೆ ಆಟೊ ಕಳಿಸುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಗಡಿಬಿಡಿಯಲ್ಲಿ ಮರೆತರಂತೆ.

ದಸರೆಗೆ ಖಂಡಿತ ಬರುತ್ತೇನೆ. ಬಾಣಲೆ ನಾನೇ ಎತ್ತುತ್ತೇನೆ.

ನಿನ್ನ ಮಗಳು,
ಶೋಭಾರಾಣಿ


ಚಿಪ್ಪಗಿರಿ
೧೯ ಆಗಸ್ಟ್ ೨೦೨೫

ಶೋಭಾಗೆ ಅಕ್ಕನಾಗಮ್ಮ ಬರೆಯುವುದು.

ಕಾಗದ ಬಂತು. ಸೋಮೇಶ್ ಓದಿ ಹೇಳುತ್ತೇನೆಂದ, ನಾನು ಕೊಡಲಿಲ್ಲ. ನಾನೇ ಓದಿದೆ, ಎರಡು ಸಲ.

ಪಂಚಮಿ ದಿನ ಏನಾಯಿತು ಎಂದು ಸೋಮೇಶ್ ನಿನಗೆ ಪೂರ್ತಿ ಹೇಳಿರಲಾರ. ನಾನು ಹೇಳುತ್ತೇನೆ. ನೀನು ಬರುತ್ತೀ ಎಂದು ಬೆಳಿಗ್ಗೆಯೇ ಕಡಲೆಹಿಟ್ಟು ಜರಡಿ ಹಿಡಿದಿಟ್ಟಿದ್ದೆ. ನನ್ನ ಜೊತೆ ರೊಟ್ಟಿ ತಟ್ಟುವ ಉಚ್ಚಮ್ಮ ಮತ್ತು ಓಣಿಯ ನಾಲ್ಕು ಹೆಂಗಸರು ಬಂದು ಕೂತಿದ್ದರು, ಮಗಳು ಬಾಣಲೆ ಎತ್ತುವುದನ್ನು ನೋಡಿ ಹೋಗೋಣ ಎಂದು. ಹನ್ನೊಂದಾಯಿತು, ಹನ್ನೆರಡಾಯಿತು. ಓಣಿಯ ತುದಿಯಲ್ಲಿ ನಿನ್ನ ಕೂಗು ಕೇಳಿತು. ಸೋಮೇಶನ ಮಗಳು ಚೇತನ "ಅತ್ತಿ ಬಂದ್ಲು, ಅತ್ತಿ ಬಂದ್ಲು" ಎಂದು ಓಡಿಹೋಗಿ ಬಾಗಿಲು ತೆಗೆದಳು. ನಾನೂ ಎದ್ದೆ, ಸುಳ್ಳು ಯಾಕೆ ಹೇಳಲಿ. ಸೆರಗಿಗೆ ಕೈ ಒರೆಸಿಕೊಂಡು ಹೊಸ್ತಿಲ ತನಕ ಬಂದೆ. ನೋಡಿದರೆ ಆಟೊ. ಬಜಾರಪ್ಪನ ಆಟೊದ ಹಿಂದೆ ಹಲ್ಲು ಬಿಟ್ಟುಕೊಂಡು ನಗುವ ನಿನ್ನ ಫೋಟೊ. ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳಂತೂ ನನಗೆ ಕೇಳುವಂತೆಯೇ ಅಂದಳು, "ಅಪ್ಪನ ಮಣ್ಣು ಇನ್ನಾ ಹಸಿ ಐತಿ, ಮಗಳಿಗೆ ಹಬ್ಬದ ಸಡಗರ ನೋಡು."

ಮೇ ತಿಂಗಳಲ್ಲಿ ಆಡಿದ ಮಾತು ಎನ್ನುತ್ತೀ. ಇರಬಹುದು. ಸುಟ್ಟ ಗಾಯದ ಮೇಲೆ ಉಪ್ಪು ಬಿದ್ದರೆ, ಆ ಉಪ್ಪು ಯಾವ ತಿಂಗಳಲ್ಲಿ ತಂದದ್ದು ಎಂದು ಕೇಳುತ್ತಾರೆಯೇ?

ನಮ್ಮಲ್ಲಿ ಸೂತಕವೇ ಇಲ್ಲ, ಸಾವಿಗೆ ಅಂಜಬಾರದು ಎಂದು ಮಠದ ಸ್ವಾಮಿಗಳು ಹೇಳುತ್ತಾರೆ. ಒಪ್ಪಿದೆ. ಆದರೆ ನಮ್ಮತ್ತೆ ಸತ್ತಾಗ ನಿನ್ನ ಸೋದರತ್ತೆ ಬಂದು ಬಾಣಲೆ ಎತ್ತಿದಳು. ಅದಕ್ಕೂ ಹಿಂದೆ ಹಾಗೇ ನಡೆದಿದೆ. ಆ ಬಾಣಲೆ ಬೋರಲಾಗಿರುವ ತನಕ ನಿಮ್ಮಪ್ಪ ಈ ಮನೆಯಲ್ಲಿ ಇನ್ನೂ ಸಾಯುತ್ತಲೇ ಇದ್ದಾರೆ ಎಂದು ನನಗನಿಸುತ್ತದೆ. ನಿನಗೆ ಹೇಗೋ ಗೊತ್ತಿಲ್ಲ.

ದಸರೆಗೆ ಬಾ. ದನಿ ಕಳಿಸಬೇಡ.

ಅವ್ವ


ಆದೋನಿ
ಭಾನುವಾರ, ೫ ಅಕ್ಟೋಬರ್ ೨೦೨೫

ಅವ್ವನಿಗೆ ಶರಣು.

ಮುಖ ತೋರಿಸುವ ಹಾಗಿಲ್ಲ, ಅಕ್ಷರ ತೋರಿಸುತ್ತಿದ್ದೇನೆ. ದಸರೆಯೂ ಹೋಯಿತು.

ಕಳೆದ ತಿಂಗಳು ಅಮಾವಾಸ್ಯೆಗೆ ಮುಂಚೆ ಒಂದು ದಿನದ ಮಟ್ಟಿಗೆ ಬಂದಿದ್ದೆನಲ್ಲ, ಅವತ್ತು ನಾವಿಬ್ಬರೂ ಅಡುಗೆಮನೆಯಲ್ಲಿ ಎದುರುಬದುರು ಕೂತು ರೊಟ್ಟಿ ತಟ್ಟಿದೆವು. ಬಾಣಲೆ ಗೋಡೆಯ ಬದಿಗೆ ಬೋರಲಾಗಿತ್ತು. ನೀನು ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಇವತ್ತೇ ಹಬ್ಬ ಎಂದುಕೊಂಡು ಎತ್ತಿಬಿಡಲೇ ಎಂದು ಕೇಳುವ ಆಸೆ ತುಟಿಯ ತನಕ ಬಂದಿತ್ತು. ನೀನು ಒಪ್ಪುವವಳಲ್ಲ ಎಂದು ಸುಮ್ಮನಾದೆ.

ದಸರೆಗೆ ಹತ್ತು ದಿನ ಮುಂಚೆಯೇ ಕೇಳಿದೆ. ಬಾವನವರು ಕೆಟ್ಟವರಲ್ಲ ಅವ್ವ, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಿ ಹೊರಡಬಹುದಿತ್ತು. "ಹೋಗಮ್ಮಾ, ಯಾರು ಬ್ಯಾಡಂದ್ರು? ಆದರ ದಸರಾ ಸೀಸನ್ ಒಂದು ಮುಗೀಲಿ. ನಿನ್ನ ಹೆಸರ ಮ್ಯಾಲ ಸರಕು ತರಿಸೀನಿ" ಎಂದು ಕೈಮುಗಿದರು. ದೊಡ್ಡವರು ಕೈಮುಗಿದರೆ ಏನು ಹೇಳಲಿ? ಇವರನ್ನು ಕೇಳಿದರೆ, "ಅಣ್ಣನ ಎದುರು ನಾ ಹ್ಯಾಂಗ ಮಾತಾಡ್ಲಿ, ಇದೊಂದು ಸೀಸನ್" ಎನ್ನುತ್ತಾರೆ. ಈ ಮನೆಯಲ್ಲಿ ಸೀಸನ್ ಮುಗಿಯುವುದು ಯಾವಾಗ ಹೇಳು? ಆಷಾಢದ ಬೆನ್ನಿಗೆ ಶ್ರಾವಣ, ವರಮಹಾಲಕ್ಷ್ಮಿ, ಗಣೇಶ, ದಸರಾ, ದೀಪಾವಳಿ. ಮೊದಲು ಶೂನ್ಯಮಾಸ ಎಂದರೆ ಬಿಡುವು ಇತ್ತು. ಈಗ ಅದಕ್ಕೂ ಒಂದು ಹೆಸರಿಟ್ಟು ಕ್ಲಿಯರೆನ್ಸ್ ಮಾಡುತ್ತಾರೆ.

ನನಗೆ ಹಬ್ಬ ಅಂದರೆ ವಾಕರಿಕೆ ಬರುವಂತಾಗಿದೆ ಅವ್ವ. ಹೀಗೆ ಬರೆಯಬಾರದು, ಗೊತ್ತು. ಯಾವ ದೇವರ ಹೆಸರು ಕೇಳಿದರೂ ಅದರ ಹಿಂದೆ ಪರ್ಸೆಂಟು ಕೇಳಿಸುತ್ತದೆ. ಆಯುಧಪೂಜೆಯ ದಿನ ಹೊತ್ತು ಮುಳುಗುವ ತನಕ ಬಾಗಿಲಲ್ಲಿ ನಿಂತಿದ್ದೆ. ಹೆಂಗಸರು ಬಂದು ಕುಂಕುಮ ತೆಗೆದುಕೊಂಡು, ಪಕ್ಕದಲ್ಲಿ ನಿಂತು ಸೆಲ್ಫಿ ಹೊಡೆಸಿಕೊಂಡು, "ಆಡ್‌ನಾಗಿನ ಶೋಭಾ ಈಕೀನೇ ಏನು? ಅದ್ರಾಗ ಇನ್ನಾ ಬೆಳ್ಳಗ ಕಾಣ್ತಾಳ" ಎನ್ನುತ್ತಾರೆ. ಮನೆಯಲ್ಲಿ ಒಲೆ ಹಚ್ಚಿದವರಿಲ್ಲ. ಎಲ್ಲರೂ ಅಂಗಡಿಯಲ್ಲೇ ನಿಂತು ಹೋಟೆಲಿನ ಮಂಡಕ್ಕಿ ಉಗ್ಗಾಣಿ ತಿಂದೆವು. ಊರ ಹಬ್ಬವೆಲ್ಲ ನಮ್ಮ ಅಂಗಡಿಯಿಂದಲೇ ಹೋಗುತ್ತದೆ, ನಮ್ಮ ಮನೆಗೆ ಒಂದೂ ಬರುವುದಿಲ್ಲ.

ಒಂದು ಮಾತ್ರ ಮಾಡಿದೆ. ದೀಪಾವಳಿಗೆ ಹೊಸದಾಗಿ ರೆಕಾರ್ಡ್ ಮಾಡಲು ಕರೆದಾಗ ಹೋಗಲಿಲ್ಲ. "ಅಪ್ಪನ ವರ್ಷ ಕಳೀಲಿ, ನಾನು ಆ ಮಾತು ಆಡಂಗಿಲ್ಲ" ಎಂದುಬಿಟ್ಟೆ. ಬಾವನವರು "ಸರಿಯಮ್ಮ, ನಿನ್ನ ಮನಸ್ಸಿಗೆ ನೋವಾಗಬಾರದು" ಎಂದರು. ನಾನು ಗೆದ್ದೆ ಅನಿಸಿತು. ಇನ್ನು ನಿನ್ನ ಓಣಿಯಲ್ಲಿ ನನ್ನ ದನಿ ಕೇಳುವುದಿಲ್ಲ.

ದೀಪಾವಳಿಗೆ ಕೇಳದೆಯೇ ಬರುತ್ತೇನೆ.

ಶೋಭಾ


ಚಿಪ್ಪಗಿರಿ
೧೨ ಅಕ್ಟೋಬರ್

ಶೋಭಾ,

ಪ್ರತಿಮಾಗೆ ಮೂರು ತಿಂಗಳು. ನಿನ್ನ ತಮ್ಮ ನಾಚಿಕೊಂಡು ನಿನಗೆ ಹೇಳಿರಲಾರ, ಅದಕ್ಕೆ ಬರೆದೆ. ಏಳರಲ್ಲಿ ಸೊಸೆಗೆ ಕುಬುಸ ಮಾಡಬೇಕು. ಬಾಣಲೆ ಕವುಚಿದ ಮನೆಯಲ್ಲಿ ಬಸುರಿಗೆ ಹಸಿರು ಸೀರೆ ಉಡಿಸುವುದಿಲ್ಲ. ಚೇತನ ಕರ್ಚಿಕಾಯಿ ಬೇಕೆಂದು ದಿನಾ ಅಳುತ್ತಾಳೆ, ಉಚ್ಚಮ್ಮ ತನ್ನ ಮನೆಯಿಂದ ತಂದುಕೊಡುತ್ತಾಳೆ.

ಕೇಳದೆ ಬರುತ್ತೇನೆ ಎಂದಿದ್ದೀ. ಗಂಡನಿಗಾದರೂ ಹೇಳಿ ಬಾ.

ಅವ್ವ


ಆದೋನಿ
ಭಾನುವಾರ, ೨೬ ಅಕ್ಟೋಬರ್ ೨೦೨೫

ಅವ್ವ,

ಈ ಕಾಗದ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಆದರೆ ಬೇಸರ ಮಾಡಿಕೊಳ್ಳಬೇಡ.

ನರಕ ಚತುರ್ದಶಿ ದಿನ ಬೆಳಿಗ್ಗೆ ಎಲ್ಲರೂ ಎಣ್ಣೆನೀರು ಹಾಕಿಕೊಳ್ಳುತ್ತಿದ್ದಾಗ ಹಳೆಯ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಹೊರಬಿದ್ದೆ. ಇವರಿಗೆ ಹೇಳಿದೆ. "ನಾ ಕೇಳಿಲ್ಲ, ನೀ ಹೇಳಿಲ್ಲ" ಎಂದು ಗೋಡೆಯ ಕಡೆ ತಿರುಗಿ ನಿಂತರು. ಅಷ್ಟೇ ಸಾಕಿತ್ತು ನನಗೆ. ಬಸ್ ಸ್ಟ್ಯಾಂಡಿನಲ್ಲಿ ಆಲೂರಿನ ಬಸ್ಸು ನಿಂತಿತ್ತು. ಹತ್ತಿ ಕಿಟಕಿಯ ಪಕ್ಕ ಕೂತೆ. ಆಲೂರಿಗೆ ಮುಟ್ಟಿದರೆ ಅಲ್ಲಿಂದ ಶೇರ್ ಆಟೊ, ಊಟದ ಹೊತ್ತಿಗೆ ನಿನ್ನ ಮುಂದೆ.

ಕಿಟಕಿಯ ಹೊರಗೆ ನೋಡಿದರೆ ಎದುರಿನ ಕಟ್ಟಡದ ತುಂಬ ನಾನೇ. ಎರಡು ಅಂತಸ್ತಿನ ಎತ್ತರದ ಫ್ಲೆಕ್ಸಿನಲ್ಲಿ ಕೈಯಲ್ಲಿ ದೀಪದ ತಟ್ಟೆ ಹಿಡಿದು ನಗುತ್ತಿದ್ದೇನೆ. ಹಿಂದಿನ ಸೀಟಿನ ಹೆಂಗಸು ಒಮ್ಮೆ ಅದನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಅಯ್ಯ, ನೀವು ಶೋಭಾ ಅಲ್ಲೇನ್ರೀ?" ಎಂದಳು. ಅಲ್ಲ ಎಂದೆ. ಅಲ್ಲ ಎಂದ ಕೂಡಲೇ ದನಿ ಗುರುತಿಸಿಬಿಟ್ಟಳು. ಬಸ್ಸಿನ ತುಂಬ ಗದ್ದಲ. "ಆಫರ್ ಎಂದಿನ ತನಕ ಐತ್ರಿ?" "ಅಕ್ಕಾ, ಅದೊಂದು ಮಾತು ಹೇಳ್ರಲ್ಲ, ಬಾಗ್ಲು ತಗಿ ಅಂತ!" ಹುಡುಗಿಯರು ಫೋನು ಎತ್ತಿ ಹಿಡಿದರು. ಕಂಡಕ್ಟರು ಕೂಡ ನಕ್ಕ. ಯಾರೋ ನನ್ನ ಫೋಟೊ ತೆಗೆದು, ಶೋಭಾ ಬಸ್ಸಿನಾಗ ಅದಾಳ ಎಂದು ಆ ನಂಬರಿಗೇ ಕಳಿಸಿದರು. ನನ್ನ ನಂಬರಿಗೆ! ಅದು ಇರುವುದು ಗಲ್ಲಾದ ಪಕ್ಕ. ಬಸ್ಸು ಬಿಡುವ ಮುಂಚೆ ಇವರು ಬೈಕಿನಲ್ಲಿ ಬಂದರು. ಮುಖ ಕೆಳಗೆ ಹಾಕಿಕೊಂಡು, "ಅಣ್ಣ ಕಳಿಸ್ಯಾನ. ಬಾಗಿಲದಾಗ ಗಿರಾಕಿ ನಿಂತಾರ, ಇಳಿ ಶೋಭಾ" ಎಂದರು. ಇಳಿದೆ. ಇಷ್ಟು ಜನರ ಎದುರು ಗಂಡನ ಮಾನ ಕಳೆಯಲೇ?

ಬಾವನವರು ಒಂದು ಮಾತೂ ಬೈಯಲಿಲ್ಲ. ಭವಾನಿಯ ಕೈಲಿ ಕಾಫಿ ಕಳಿಸಿದರು.

ಇದಕ್ಕಿಂತ ಕೆಟ್ಟದ್ದು ಸಂಜೆಗೆ. ಅಂಗಡಿಯ ಮುಂದೆ ಆಟೊ ಬಂದು ನಿಂತು ಕೂಗಿತು: "ಅವ್ವಾ, ಬಾಗ್ಲು ತಗಿ! ನಿಮ್ಮನೆ ಮಗಳು ಶೋಭಾ ಬಂದೀನಿ! ದೀಪಾವಳಿ ತಂದೀನಿ!" ನಾನು ದೀಪಾವಳಿ ಎಂಬ ಮಾತನ್ನೇ ಆಡಿಲ್ಲ ಅವ್ವ. ಆಣೆ ಮಾಡಿ ಹೇಳುತ್ತೇನೆ. ತಿರುಪತಿಯನ್ನು ಹಿಡಿದು ಕೇಳಿದರೆ ಅವನು ಉಪಕಾರ ಮಾಡಿದವನಂತೆ ನಗುತ್ತಾನೆ: "ಹಳೇ ರೆಕಾರ್ಡಿಂಗ್ ಹಾಕಿದ್ರ ಸಾಕಕ್ಕ, ಕಂಪ್ಯೂಟರೇ ನಿಮ್ಮಂಗ ಮಾತಾಡ್ತೈತಿ. ಇನ್ನ ಮ್ಯಾಲ ನೀವು ಬಾಯಿ ನೋಯಿಸ್ಕೋಬ್ಯಾಡ್ರಿ. ಸಂಕ್ರಾಂತಿದೂ ರೆಡಿ ಐತಿ."

ಸುಮ್ಮನಿದ್ದರೂ ನಾನು ಮಾತಾಡುತ್ತಿದ್ದೇನೆ. ಇನ್ನು ಯಾವ ಬಾಯಿಂದ ಬೇಡ ಅನ್ನಲಿ?

ನಿಮ್ಮ ಓಣಿಗೆ ಬಂದರೆ ಕಿವಿ ಮುಚ್ಚಿಕೋ. ಅದು ನಾನಲ್ಲ.

ಶೋಭಾ


ಚಿಪ್ಪಗಿರಿ
೧೮ ನವೆಂಬರ್ ೨೦೨೫

ಶೋಭಾ,

ಬಂದಿತ್ತು. ದೀಪಾವಳಿ ಪಾಡ್ಯದ ದಿನ, ನಿನ್ನ ಕಾಗದ ಬರುವುದಕ್ಕೆ ಮುಂಚೆ. ನನಗೆ ಗೊತ್ತಾಗಲಿಲ್ಲ. ಹೊತ್ತು ಹೆತ್ತು ಮಾತು ಕಲಿಸಿದವಳಿಗೆ ಗೊತ್ತಾಗಲಿಲ್ಲ ಅಂದರೆ ಊರವರಿಗೆ ಏನು ಗೊತ್ತಾದೀತು? ರೆಕಾರ್ಡ್ ಮಾಡುವುದಿಲ್ಲ ಎಂದು ಬರೆದು ಮಾಡಿದ್ದಾಳೆ, ಮಗಳು ಸುಳ್ಳು ಕಲಿತಳು ಎಂದು ಅವತ್ತು ಉಣ್ಣಲಿಲ್ಲ. ನಿನ್ನ ಕಾಗದ ಓದಿದ ಮೇಲೆಯೇ ಹೊಟ್ಟೆ ತುಂಬ ಉಂಡೆ.

ಬಸ್ಸಿನ ಸಂಗತಿ ಓದಿ ಅತ್ತುಬಿಟ್ಟೆ. ಸೋಮೇಶನಿಗೆ ಹೇಳಲಿಲ್ಲ, ಅವನು ಬಡಿಗೆ ಹಿಡಿದು ಹೊರಟಾನು. ನಿಮ್ಮಪ್ಪ ಇದ್ದಿದ್ದರೆ ಮಾತೇ ಬೇರೆ ಇತ್ತು. ನಾನು ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಆ ಮನೆಯಲ್ಲಿ ನಿನ್ನನ್ನು ಹೊಡೆಯುವುದಿಲ್ಲ, ಬೈಯುವುದಿಲ್ಲ, ಉಡಲಿಕ್ಕೆ ಉಣಲಿಕ್ಕೆ ಕಡಿಮೆ ಇಲ್ಲ. ಹಾಗಾದರೆ ನಾನು ಬಂದು ಯಾರ ಜೊತೆ ಜಗಳ ಆಡಲಿ?

ಸಂಕ್ರಾಂತಿಗೆ ನೋಡು. ಪ್ರತಿಮಾಗೆ ಆಗ ಏಳು ಆಗಿರುತ್ತದೆ. ಕಾಯುತ್ತೇನೆ.

ಅವ್ವ


ಆದೋನಿ
ಭಾನುವಾರ, ೧ ಮಾರ್ಚ್ ೨೦೨೬

ಅವ್ವನಿಗೆ ಶೋಭಾಳ ಸಾವಿರ ಶರಣು.

ಸಂಕ್ರಾಂತಿ ಆದಮೇಲೆ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಏನು ಬರೆಯಲಿ? ಅವತ್ತು ಅಂಗಡಿಯ ಮುಂದೆ ರಂಗೋಲಿ ಸ್ಪರ್ಧೆ ಇತ್ತು, ಬಹುಮಾನ ಕೊಡುವವಳು ನಾನೇ. ಇಷ್ಟು ಸಾಕು.

ಇವತ್ತು ಒಳ್ಳೆ ಸುದ್ದಿ, ಕೂತು ಓದು. ಅತ್ತೆಯ ತವರಿನಿಂದ ಒಬ್ಬರು ವಯಸ್ಸಾದ ಅಜ್ಜಿ ಬಂದಿದ್ದರು, ದೊಡ್ಡವರು, ಬಾವನವರೂ ಅವರ ಮುಂದೆ ತಲೆ ಎತ್ತುವುದಿಲ್ಲ. ಮಾತಿಗೆ ಮಾತು ಬಂದು ಬಾಣಲೆಯ ವಿಷಯ ಹೇಳಿದೆ. ಅವರು ಹೌಹಾರಿದರು. "ಏನಪ್ಪಾ, ಮನಿ ಸೊಸಿ ತವರಿನ ಬಾಣಲಿ ವರ್ಷ ತುಂಬಾಕ ಬಂದ್ರೂ ಬೋರಲ ಬಿದ್ದೈತಿ, ಆಕಿ ಕೈಲೇ ನೀ ಅಂಗಡಿ ದೀಪ ಹಚ್ಚಿಸ್ತೀ? ದೋಷ ಯಾರಿಗಿ ತಟ್ತೈತಿ ಗೊತ್ತೈತೇನು?" ಎಂದು ಕೇಳಿದರು. ಬಾವನವರ ಮುಖ ಬಿಳಿಚಿಕೊಂಡಿತು. ನನ್ನ ಕಣ್ಣೀರಿಗೆ ಆಗದ ಕೆಲಸ ಅಂಗಡಿಗೆ ತಟ್ಟುವ ದೋಷದಿಂದ ಆಯಿತು. "ಯುಗಾದಿ ದಿನ ನೀ ಹೋಗಿ ಬಾರಮ್ಮ, ಬಾಣಲಿ ಎತ್ತಿಟ್ಟು ಬಾ. ನಾನೇ ಕಾರ್ ಮಾಡಿ ಕಳಿಸ್ತೀನಿ" ಎಂದು ಎಲ್ಲರ ಎದುರು ಹೇಳಿದರು. ಎಲ್ಲರ ಎದುರು!

ಹತ್ತೊಂಬತ್ತನೇ ತಾರೀಕು ಗುರುವಾರ ಯುಗಾದಿ. ಬೇವುಬೆಲ್ಲದ ಹೊತ್ತಿಗೆ ನಿನ್ನ ಮುಂದೆ ಇರುತ್ತೇನೆ. ಕಡಲೆಹಿಟ್ಟು ಜರಡಿ ಹಿಡಿಯಬೇಡ, ನಾನೇ ಬಂದು ಹಿಡಿಯುತ್ತೇನೆ. ಪ್ರತಿಮಾಗೆ ಹಸಿರು ಸೀರೆ ತರುತ್ತೇನೆ, ನಮ್ಮ ಅಂಗಡಿಯದಲ್ಲ, ಪಕ್ಕದ ಅಂಗಡಿಯದು. ಚೇತನಳಿಗೆ ಹೇಳು, ಈ ಸಲ ಬಾಗಿಲು ತೆಗೆದರೆ ಅತ್ತೆಯೇ ಇರುತ್ತಾಳೆ.

ಮಲಗಿದರೆ ನಿದ್ದೆ ಬರುತ್ತಿಲ್ಲ ಅವ್ವ, ಅಷ್ಟು ಖುಷಿ.

ನಿನ್ನ ಶೋಭಾ


ಚಿಪ್ಪಗಿರಿ
ಶನಿವಾರ, ೭ ಮಾರ್ಚ್ ೨೦೨೬

ನನ್ನ ಶೋಭಾಗೆ ಅವ್ವನ ಆಶೀರ್ವಾದ.

ಸಂಕ್ರಾಂತಿಯಿಂದ ನಿನ್ನ ಕಾಗದ ಇಲ್ಲ. ಹಬ್ಬಕ್ಕೆ ಬರಲಾಗದ ಸಂಕಟಕ್ಕೆ ಬರೆಯುತ್ತಿಲ್ಲ ಎಂದು ನನಗೆ ಗೊತ್ತು. ನಾನೂ ಬಿಗಿದುಕೊಂಡೆ, ತಪ್ಪಾಯಿತು. ಇನ್ನು ನೀನು ಸಂಕಟ ಪಡಬೇಡ. ಬಾಣಲೆ ಎದ್ದಿತು.

ಹೇಗೆ ಎಂದು ಹೇಳುತ್ತೇನೆ. ಪ್ರತಿಮಾಗೆ ಒಂಬತ್ತು ಬಿತ್ತು. ಏಳರಲ್ಲಿ ಮಾಡಬೇಕಾದ ಕುಬುಸವನ್ನು ನಿನಗಾಗಿ ಮುಂದೆ ಹಾಕಿದ್ದೆ. ಇನ್ನು ಹಾಕುವ ಹಾಗಿರಲಿಲ್ಲ. ಅವಳ ತವರಿನವರು ಕರೆದುಕೊಂಡು ಹೋಗಲು ಬಂದು ಕೂತರು, "ಹೊಟ್ಟಿಯಾಗಿನ ಕೂಸು ನಿಮ್ಮ ಬಾಣಲಿಗೆ ಕಾಯ್ತೈತೇನ್ರೀ ಬೀಗರ?" ಎಂದರು. ನನಗೆ ಅತ್ತ ದರಿ ಇತ್ತ ಪುಲಿ.

ಗ್ರಹಣ ಬಿಟ್ಟ ಮಾರನೇ ದಿನ ಬುಧವಾರ ಹೋಳಿ. ಮಧ್ಯಾಹ್ನ ನಾವೆಲ್ಲ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಾಗ ಬಜಾರಪ್ಪನ ಆಟೊ ಬಂತು. "ಅವ್ವಾ, ಬಾಗ್ಲು ತಗಿ! ನಿಮ್ಮನೆ ಮಗಳು ಶೋಭಾ ಬಂದೀನಿ! ಯುಗಾದಿ ತಂದೀನಿ!" ಉಚ್ಚಮ್ಮ ಥಟ್ಟನೆ ತೊಡೆ ತಟ್ಟಿ ಎದ್ದಳು. "ಅಕ್ಕನಾಗಮ್ಮಾ, ಮಗಳು ಬಂದೀನಿ ಅಂತಾಳ, ಬಾಗ್ಲು ತಗಿ ಅಂತಾಳ, ಹಬ್ಬನೂ ತಂದಾಳ. ಇನ್ನೇನು ಬೇಕ ನಿನಗ? ಏಳು!" ಎಂದಳು. ನಾನು ಬೈದೆ. ಅದು ಅವಳ ದನಿಯೇ ಅಲ್ಲ, ಯಂತ್ರದ್ದು ಎಂದೆ. ಅದಕ್ಕೆ ಅವಳು, "ಯಂತ್ರಕ್ಕ ಆ ದನಿ ಎಲ್ಲಿಂದ ಬಂತು? ನಿನ್ನ ಮಗಳ ಗಂಟಲದಿಂದಲ್ಲೇನು?" ಎಂದು ಕೇಳಿದಳು. ಬೀಗರೂ ಹೌದು ಹೌದು ಎಂದರು. ಬಜಾರಪ್ಪ ಪಾಪ, ಆಟೊವನ್ನು ಬಾಗಿಲಿಗೆ ತಂದು ನಿಲ್ಲಿಸಿ ಮೂರು ಸಲ ಹಾಕಿದ. ಮೂರನೇ ಸಲಕ್ಕೆ ನನಗೆ ಏನಾಯಿತೋ, ನೀನೇ ಓಣಿ ತಿರುಗಿ ಬಂದಂತಾಯಿತು. ಒಳಗೆ ಹೋಗಿ ಬಾಣಲೆ ಎತ್ತಿ ಒಲೆಯ ಮೇಲಿಟ್ಟೆ. ಎಣ್ಣೆ ಹಾಕುವಾಗ ಮತ್ತೆ ಹಾಕು ಎಂದು ಬಜಾರಪ್ಪನಿಗೆ ನಾನೇ ಹೇಳಿದೆ.

ಅದೇ ಎಣ್ಣೆಯಲ್ಲಿ ಕರ್ಚಿಕಾಯಿ ಕರಿದೆ. ಚೇತನ ಐದು ತಿಂದಳು. ನಿನ್ನೆ ಶುಕ್ರವಾರ ಕುಬುಸ ಚೆನ್ನಾಗಿ ಆಯಿತು, ಪ್ರತಿಮಾ ತವರಿಗೆ ಹೋದಳು. ನಿಮ್ಮಪ್ಪನ ಫೋಟೊ ನೋಡಿದರೆ ಮುಖದಲ್ಲಿ ಒಂದಿಷ್ಟು ಸಮಾಧಾನ ಕಂಡಿತು.

ನಿನಗಾಗಿಯೇ ಮಾಡಿದೆ ಮಗಳೇ. ಇನ್ನು ಮೇಲೆ ಹಬ್ಬ ಬಂತೆಂದು ನೀನು ಅಲ್ಲಿ ಒದ್ದಾಡಬೇಡ, ಬಸ್ಸು ಹತ್ತಿ ಇಳಿದು ಮಾನ ಕಳೆದುಕೊಳ್ಳಬೇಡ. ನಿನ್ನ ಪಾಲಿನ ಕೆಲಸ ಮುಗಿದಿದೆ. ಬಿಡುವಾದಾಗ ಯಾವುದಾದರೂ ದಿನ ಬಂದು ಹೋಗು.

ನಿನ್ನ ಅವ್ವ


ಆದೋನಿ
ಭಾನುವಾರ, ೧೫ ಮಾರ್ಚ್ ೨೦೨೬

ಅವ್ವನಿಗೆ ಶೋಭಾಳ ಶರಣು.

ನನ್ನ ಒಂದನೇ ತಾರೀಕಿನ ಕಾಗದ ಈಗ ನಿನಗೆ ಸಿಕ್ಕಿರುತ್ತದೆ. ಅದನ್ನು ಓದಿ ನೀನು ಹಣೆ ಬಡಿದುಕೊಂಡಿರುತ್ತೀ. ಬಡಿದುಕೊಳ್ಳಬೇಡ. ನಿನ್ನ ತಪ್ಪಲ್ಲ. ಬಸುರಿಯನ್ನು ಕಾಯಿಸಿ ನನಗಾಗಿ ಕೂತೆಯಲ್ಲ, ಅದೇ ದೊಡ್ಡದು. ಚೇತನ ಐದು ಕರ್ಚಿಕಾಯಿ ತಿಂದಳು ಎಂದು ಓದಿ ನಗು ಬಂತು. ಆಮೇಲೆ ಏನಾಯಿತು ಎಂದು ಹೇಳದೆ ಇರಲಾರೆ.

ನೀನು ಬಾಣಲೆ ಇಡುವುದನ್ನು ಬಜಾರಪ್ಪ ಫೋನಿನಲ್ಲಿ ವಿಡಿಯೊ ಮಾಡಿಕೊಂಡಿದ್ದಾನೆ. ನೀನು ನೋಡಿರಲಾರೆ. ನಿನ್ನ ಕಾಗದ ನನಗೆ ಮುಟ್ಟುವ ಮುಂಚೆಯೇ ಆ ವಿಡಿಯೊ ಬಾವನವರಿಗೆ ಮುಟ್ಟಿತು. ನೋಡಿ ಅವರು ಅತ್ತರು ಅವ್ವ. ನಾಟಕವಲ್ಲ, ನಿಜವಾಗಿ ಟವೆಲಿನಿಂದ ಕಣ್ಣು ಒರೆಸಿಕೊಂಡರು. ನನ್ನನ್ನು ಕರೆದು, "ನಿಮ್ಮವ್ವ ಎಷ್ಟು ದೊಡ್ಡ ಮನಸ್ಸಿನಾಕಿ ಅಮ್ಮಾ! ದೋಷ ತಾನಾಗೇ ಕಳೀತು. ಇನ್ನ ಯುಗಾದಿಗೆ ನೀ ಹೋಗೋ ಜರೂರತ್ತಿಲ್ಲ, ದೇವರು ದೊಡ್ಡಾವ" ಎಂದರು. ನಾನು ಹೋಗಲೇಬೇಕು ಎಂದೆ. "ಯಾಕಮ್ಮ? ಕೆಲಸ ಆಯ್ತಲ್ಲ" ಎಂದು ಕೇಳಿದರು. ಅವ್ವನನ್ನು ನೋಡಬೇಕು ಎನ್ನುವುದು ಈ ಮನೆಯಲ್ಲಿ ಕಾರಣವಲ್ಲ, ಅದು ಮಾರನೇ ದಿನಕ್ಕೆ ಆಗುತ್ತದೆ. ಹಬ್ಬದ ದಿನ ನಾನು ಈ ಹೊಸ್ತಿಲು ದಾಟಲು ಇದ್ದದ್ದು ಆ ಒಂದು ಬಾಣಲೆ. ಕಾರು ಬೇಡವೆಂದು ಹೇಳಿಬಿಟ್ಟಿದ್ದಾರೆ.

ಇಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆ. ಅಂಗಡಿಯ ಮುಂದೆ ಹೊಸದಾಗಿ ಹಾಕಿಸಿದ ದೊಡ್ಡ ಪರದೆಯ ಮೇಲೆ ನಿನ್ನನ್ನು ಹಾಕಿದ್ದಾರೆ. ತಿರುಪತಿ ಅದಕ್ಕೆ ಸಂಗೀತ ಕೂಡಿಸಿದ್ದಾನೆ. ನೀನು ಬಾಗಿಲು ತೆಗೆಯುತ್ತೀ, ಬಾಣಲೆ ಎತ್ತುತ್ತೀ, ಸೆರಗಿನಿಂದ ಮೂಗು ಒರೆಸುತ್ತೀ. ಕೆಳಗೆ ತೆಲುಗಿನಲ್ಲೂ ಕನ್ನಡದಲ್ಲೂ ಬರೆಸಿದ್ದಾರೆ: ಮಗಳು ಬಂದಳು, ಹಬ್ಬ ಬಂತು. ಅದರ ಪಕ್ಕದಲ್ಲೇ ಯುಗಾದಿ ಆಫರ್. ಹೆಂಗಸರು ನಿಂತು ನೋಡಿ ಕಣ್ಣು ಒರೆಸಿಕೊಂಡು ಒಳಗೆ ಬರುತ್ತಾರೆ. ನಾನು ಬಾಗಿಲಲ್ಲಿ ನಿಂತು ಅವರಿಗೆ ಕುಂಕುಮ ಕೊಡುತ್ತೇನೆ. ದಿನಕ್ಕೆ ನೂರು ಸಲ ನಿನ್ನ ಮುಖ ನೋಡುತ್ತೇನೆ ಅವ್ವ. ನೂರು ಸಲವೂ ನೀನು ಹೊಸ್ತಿಲಿಗೆ ಬಂದು ನನ್ನನ್ನೇ ಹುಡುಕುತ್ತೀ. ಕೂಗಿ ಹೇಳೋಣ ಅನಿಸುತ್ತದೆ. ಕೂಗಿದರೆ ಅದೂ ಆ ಆಟೊದ ದನಿಯ ಹಾಗೆಯೇ ಕೇಳುತ್ತದೆ.

ಅದಕ್ಕೆ ನಿನ್ನ ಕಾಲಿಗೆ ಬಿದ್ದು ಒಂದು ಕೆಲಸ ಹೇಳುತ್ತೇನೆ. ಪದ್ಧತಿ ಅಲ್ಲ ಎನ್ನಬೇಡ, ಹಿರಿಯರು ಏನಂದಾರು ಎನ್ನಬೇಡ. ಕುಬುಸ ಮುಗಿದಿದೆ, ಪ್ರತಿಮಾ ತವರಿನಲ್ಲಿ ಕ್ಷೇಮವಾಗಿದ್ದಾಳೆ. ಬಾಣಲೆಯ ಎಣ್ಣೆ ಬಸಿದು, ತೊಳೆದು, ಮತ್ತೆ ಕವುಚಿಡು. ಚೇತನ ಅತ್ತರೂ ಕವುಚಿಡು. ಅದು ಕವುಚಿದ್ದರೆ ಮಾತ್ರ ನನಗೆ ದಾರಿ. ಉಚ್ಚಮ್ಮ ಬಂದು ಕೇಳಿದರೆ ಹೇಳು. ಬಜಾರಪ್ಪ ಫೋನು ಹಿಡಿದುಕೊಂಡು ಬಂದರೆ ಅವನಿಗೂ ಗಟ್ಟಿಯಾಗಿ, ಓಣಿಗೆಲ್ಲ ಕೇಳುವ ಹಾಗೆ, ನಿನ್ನ ಬಾಯಿಂದಲೇ ಹೇಳು: ನನ್ನ ಮಗಳು ಇನ್ನೂ ಬಂದಿಲ್ಲ.

ನಿನ್ನ
ಶೋಭಾ